37ರ ಮಾರ್ಶಾಂಡ್‌ಗೆ 6 ವರ್ಷದ ಒಪ್ಪಂದ: ವಯಸ್ಸಾದ ಹಾಕಿ ತಾರೆಗಳಿಗೆ ಇಷ್ಟು ದುಡ್ಡು, ಇಷ್ಟು ವರ್ಷ ಕೊಡಬಹುದೇ?

ನೀಲಿಗೆರೆ

ಮೊದಲೇ ಹೇಳಿಬಿಡುತ್ತೇನೆ, ಇದು ಕೊಡಗಿನ ಮೈದಾನದ ಹಾಕಿಯಲ್ಲ, ಉತ್ತರ ಅಮೆರಿಕದ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗಿನ ಮಾತು. ಮೊತ್ತಗಳೆಲ್ಲ ಮಿಲಿಯನ್ ಡಾಲರಿನಲ್ಲಿವೆ.

2025ರ ಬೇಸಿಗೆಯಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಬ್ರಾಡ್ ಮಾರ್ಶಾಂಡ್‌ಗೆ 6 ವರ್ಷಕ್ಕೆ 31.5 ಕೊಟ್ಟಿತು. ವರ್ಷಕ್ಕೆ 5.25. ಸಹಿ ಹಾಕಿದಾಗ ಅವನಿಗೆ 37, ಒಪ್ಪಂದ ಮುಗಿಯುವಾಗ 43. ಆ ಪ್ಲೇಆಫ್‌ನಲ್ಲಿ 10 ಗೋಲು ಹೊಡೆದು ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ, ಒಪ್ಪುತ್ತೇನೆ. ಆದರೆ ಆಡಿ ಮುಗಿದ ಆಟಕ್ಕೆ ಮುಂದಿನ ಆರು ವರ್ಷ ಸಂಬಳ ಕೊಡುವುದು ಯಾವ ಲೆಕ್ಕ?

2016ರ ಜುಲೈ 1ನ್ನು ನೆನಪಿಸಿಕೊಳ್ಳಿ, ಒಪ್ಪಂದ ಮುಗಿದ ಆಟಗಾರರ ಸಂತೆ ತೆರೆದ ದಿನ. ಎಡ್ಮಂಟನ್ ಮಿಲಾನ್ ಲೂಚಿಚ್‌ಗೆ 7 ವರ್ಷಕ್ಕೆ 42 ಕೊಟ್ಟಿತು. ವ್ಯಾಂಕೂವರ್ ಲೂಯಿ ಎರಿಕ್ಸನ್‌ಗೆ 6 ವರ್ಷಕ್ಕೆ 36, ಐಲ್ಯಾಂಡರ್ಸ್ ಆಂಡ್ರೂ ಲ್ಯಾಡ್‌ಗೆ 7 ವರ್ಷಕ್ಕೆ 38.5, ಬಾಸ್ಟನ್ ಡೇವಿಡ್ ಬ್ಯಾಕಸ್‌ಗೆ 5 ವರ್ಷಕ್ಕೆ 30, ಡೆಟ್ರಾಯಿಟ್ ಫ್ರಾನ್ಸ್ ನೀಲ್ಸನ್‌ಗೆ 6 ವರ್ಷಕ್ಕೆ 31.5. ಕೊನೆಯದನ್ನು ಗಮನಿಸಿ: ಮೊತ್ತವೂ ವರ್ಷವೂ ಮಾರ್ಶಾಂಡ್‌ದೇ. ಈ ಐವರಲ್ಲಿ ಒಬ್ಬನೂ ಆ ಒಪ್ಪಂದವನ್ನು ಅದೇ ತಂಡದಲ್ಲಿ ಮುಗಿಸಲಿಲ್ಲ. ಬ್ಯಾಕಸ್‌ನನ್ನು ಸಾಗಹಾಕಲು ಬಾಸ್ಟನ್ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೇ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಹಕ್ಕನ್ನೇ) ಆನಹೈಮ್‌ಗೆ ಕೊಟ್ಟಿತು, ಮೇಲೆ ಸಂಬಳದ ಕಾಲು ಭಾಗವನ್ನೂ ತಾನೇ ಹೊತ್ತಿತು. ಲ್ಯಾಡ್ ಅರಿಜೋನಾಗೆ ಹೋದಾಗ ಜೊತೆಗೆ ಎರಡು ಎರಡನೇ ಸುತ್ತಿನ ಆಯ್ಕೆಗಳು ಹೋದವು. ನೀಲ್ಸನ್‌ಗೆ 2021ರಲ್ಲಿ ಬೈಔಟ್ ಆಯಿತು, ಅಂದರೆ ಬಾಕಿ ಸಂಬಳದ ಒಂದು ಪಾಲು ಕೊಟ್ಟು ಒಪ್ಪಂದ ಮುರಿದರು.

ಇವರಾರೂ ಆಗ 37ರವರಲ್ಲ, 28ರಿಂದ 32ರೊಳಗಿನವರು. ಹಾಗಿರುವಾಗ 37ರವನಿಗೆ ಹೇಗೆ ಕೊಡುತ್ತೀರಿ?

ಲೆಕ್ಕದಪುಸ್ತಕ

ನೀಲ್ಸನ್ ಹೆಸರು ತಂದಿದ್ದು ಒಳ್ಳೆಯದಾಯಿತು. ಕಾಗದದ ಮೇಲೆ ಇವೆರಡೂ ಅವಳಿ ಒಪ್ಪಂದಗಳು, ಆದರೆ ತಂಡದ ಮೇಲೆ ಬೀಳುವ ಭಾರ ಒಂದೇ ಅಲ್ಲ.

ಎನ್‌ಎಚ್‌ಎಲ್‌ನಲ್ಲಿ ದುಡ್ಡನ್ನು ಡಾಲರಿನಲ್ಲಿ ಅಳೆಯಬಾರದು, ಸ್ಯಾಲರಿ ಕ್ಯಾಪಿನ (ಒಂದು ತಂಡ ಒಟ್ಟು ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿಯ) ಶೇಕಡಾವಾರಿನಲ್ಲಿ ಅಳೆಯಬೇಕು. 2016-17ರ ಕ್ಯಾಪ್ 73. ನೀಲ್ಸನ್‌ನ 5.25 ಅದರ ಶೇ 7.2. ಕೋವಿಡ್ ಬಂದು 2019-20ರಿಂದ 2021-22ರವರೆಗೆ ಕ್ಯಾಪ್ 81.5ರಲ್ಲೇ ನಿಂತುಬಿಟ್ಟಿತು. ಅಂದರೆ ಒಪ್ಪಂದದ ಕೆಟ್ಟ ವರ್ಷಗಳು ಬಂದಾಗ ಅದನ್ನು ಹಗುರಮಾಡಬೇಕಾದ ಕ್ಯಾಪ್ ಏರಲೇ ಇಲ್ಲ. 2016ರ ಗುಂಪು ಅಷ್ಟೊಂದು ಕೆಟ್ಟು ಕಂಡಿದ್ದಕ್ಕೆ ಅರ್ಧ ಕಾರಣ ಇದು.

ಈಗ ಮಾರ್ಶಾಂಡ್. 2025-26ರ ಕ್ಯಾಪ್ 95.5; ಅವನ ಪಾಲು ಶೇ 5.5. ಮುಂದಿನ ಎರಡು ವರ್ಷದ ಕ್ಯಾಪನ್ನು ಲೀಗ್ ಮೊದಲೇ ಪ್ರಕಟಿಸಿದೆ: 104, ಆಮೇಲೆ 113.5. ಮೂರನೇ ವರ್ಷಕ್ಕೆ ಅವನ ಪಾಲು ಶೇ 4.6ಕ್ಕೆ ಇಳಿಯುತ್ತದೆ. ಮೂರನೇ ಸಾಲಿನ ವಿಂಗರ್‌ಗೆ, ಅಂದರೆ ತಾರೆಯಲ್ಲದ ಮುಂಚೂಣಿ ಆಟಗಾರನಿಗೆ, ಕೊಡುವ ಪಾಲು ಅದು.

ಇನ್ನೂ ಒಂದು ವಿಷಯ. ಕ್ಯಾಪ್ ಹಿಟ್, ಅಂದರೆ ಕ್ಯಾಪಿಗೆ ಲೆಕ್ಕ ಹಿಡಿಯುವ ಮೊತ್ತ, ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದ ಸರಾಸರಿ. ಮಾರ್ಶಾಂಡ್‌ಗೆ 3 ವರ್ಷಕ್ಕೆ ಇದೇ 31.5 ಕೊಟ್ಟಿದ್ದರೆ ಹಿಟ್ 10.5 ಆಗುತ್ತಿತ್ತು. ಕೊನೆಯ ಮೂರು ವರ್ಷಗಳು ಆಡಿಸುವುದಕ್ಕೆಂದು ಬಂದವಲ್ಲ, ಭಾಜಕ ದೊಡ್ಡದಾಗಲೆಂದು ಬಂದವು. ಫ್ಲಾರಿಡಾ ಕೊಂಡಿದ್ದು ಮೂರು ವರ್ಷದ ಆಟ. ಬೆಲೆಯನ್ನು ಆರು ಕಂತಿನಲ್ಲಿ ಕಟ್ಟುತ್ತಿದೆ.

ನೀಲಿಗೆರೆ

@ಲೆಕ್ಕದಪುಸ್ತಕ ಶೇಕಡಾವಾರು ಒಪ್ಪಿದೆ. ಆದರೆ ಕಂತು ಅಂದಿರಲ್ಲ, ಕಂತು ಮುಗಿಯುವ ತನಕ ಕಟ್ಟಲೇಬೇಕಲ್ಲವೇ? ಮಿನಸೋಟಾ ವೈಲ್ಡ್ ಹೀಗೇ ಕಂತು ಮಾಡಿಕೊಂಡು ನಾಲ್ಕು ವರ್ಷ ಉಸಿರು ಕಟ್ಟಿ ಕೂತಿತು.

ಲೆಕ್ಕದಪುಸ್ತಕ

ಮಿನಸೋಟಾದ ಲೆಕ್ಕವನ್ನು ಪೂರ್ತಿ ಬಿಡಿಸಿ ಇಡುತ್ತೇನೆ. ಬೈಔಟ್ ಅರ್ಥವಾಗಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

2012ರ ಜುಲೈ 4ರಂದು ಜಾಕ್ ಪರೀಸೆ ಮತ್ತು ರಾಯನ್ ಸೂಟರ್ ಇಬ್ಬರಿಗೂ ತಲಾ 13 ವರ್ಷಕ್ಕೆ 98. ಕ್ಯಾಪ್ ಹಿಟ್ ತಲಾ 7.538. ಕೈಗೆ ಬರುವ ಸಂಬಳ ಮಾತ್ರ ಹೀಗಿತ್ತು: 12, 12, 11, ಆಮೇಲೆ ಐದು ವರ್ಷ 9ರಂತೆ, 8, 6, ಕೊನೆಗೆ 2, 1, 1. ದುಡ್ಡೆಲ್ಲ ಮುಂದೆ, ಬಾಲದಲ್ಲಿ ಚಿಲ್ಲರೆ.

2021ರ ಜುಲೈಯಲ್ಲಿ ಇಬ್ಬರನ್ನೂ ಬೈಔಟ್ ಮಾಡಿದರು. ಉಳಿದದ್ದು ನಾಲ್ಕು ವರ್ಷ, ಉಳಿದ ಸಂಬಳ 6+2+1+1, ಅಂದರೆ 10. ನಿಯಮ: 26 ತುಂಬಿದವನಾದರೆ ಉಳಿದ ಸಂಬಳದ ಮೂರರಲ್ಲಿ ಎರಡು ಪಾಲನ್ನು, ಉಳಿದ ವರ್ಷಗಳ ಎರಡರಷ್ಟು ಕಾಲಕ್ಕೆ ಹಂಚಬೇಕು. 6.667ನ್ನು 8 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.833. ಇದಿಷ್ಟೇ ಆಗಿದ್ದರೆ ಯಾರೂ ಅಳುತ್ತಿರಲಿಲ್ಲ.

ಆದರೆ ಒಪ್ಪಂದ ಉಳಿದಿದ್ದ ವರ್ಷಗಳಲ್ಲಿ ಕ್ಯಾಪ್ ಲೆಕ್ಕ ಬೇರೆ. ಮೂಲ ಹಿಟ್‌ನಿಂದ, ಆ ವರ್ಷ ನಿಜವಾಗಿ ಉಳಿಸಿದ ಸಂಬಳವನ್ನು ಮಾತ್ರ ಕಳೆಯುತ್ತಾರೆ. 2021-22ರಲ್ಲಿ ಸಂಬಳ 6 ಇತ್ತು, ಉಳಿದದ್ದು 5.167, ಆದ್ದರಿಂದ ಹಿಟ್ 2.371. 2022-23ರಲ್ಲಿ ಸಂಬಳವೇ 2; ಉಳಿತಾಯ 1.167, ಹಿಟ್ 6.371. ಕೊನೆಯ ಎರಡು ವರ್ಷ ಸಂಬಳ 1, ಉಳಿತಾಯ 0.167 ಮಾತ್ರ, ಹಿಟ್ 7.371. ಇಬ್ಬರಿಗೂ ಸೇರಿಸಿ 4.74, 12.74, 14.74, 14.74. 2023-24ರ ಕ್ಯಾಪ್ 83.5, ಅದರಲ್ಲಿ ಶೇ 17.7 ಆಡದವರ ಪಾಲು! 2025-26ರಿಂದ 2028-29ರವರೆಗೆ ಇಬ್ಬರದೂ ಸೇರಿ ವರ್ಷಕ್ಕೆ 1.67.

ಗಮನಿಸಬೇಕಾದ್ದು ಇದು: ಸಂಬಳವನ್ನೆಲ್ಲ ಮೊದಲ ವರ್ಷಗಳಿಗೆ ತುಂಬಿದ್ದೇ ಬೈಔಟನ್ನು ಕೊಂದಿತು. ಬಾಲದಲ್ಲಿ ಸಂಬಳ ಇಲ್ಲದಿದ್ದರೆ ಬೈಔಟ್‌ನಲ್ಲಿ ಉಳಿಸಲು ಏನೂ ಇರುವುದಿಲ್ಲ. ಆಟಗಾರರಿಗೆ ವಯಸ್ಸಾಗಿದ್ದು ನಿಜ, ಆದರೆ ತಂಡವನ್ನು ಹಿಂಡಿದ್ದು ಒಪ್ಪಂದದ ಆಕಾರ.

ಚಳಿಗಾಲ_ಟೊರಾಂಟೊ

ಹಾಗಾದರೆ ಯಾಕೆ ಬೈಔಟ್ ಮಾಡಬೇಕಿತ್ತು? ಸುಮ್ಮನೆ ಆಡಿಸಬಹುದಿತ್ತಲ್ಲ?

ಲೆಕ್ಕದಪುಸ್ತಕ

ರೀಕ್ಯಾಪ್ಚರ್ ಭಯಕ್ಕೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2013ರ ಒಪ್ಪಂದದಲ್ಲಿ ಬಂದ ದಂಡ ಅದು: ಉದ್ದ ಒಪ್ಪಂದದ ಆಟಗಾರ ಮಧ್ಯದಲ್ಲೇ ನಿವೃತ್ತನಾದರೆ, ಕೊಟ್ಟ ಸಂಬಳಕ್ಕೂ ಕ್ಯಾಪಿಗೆ ಲೆಕ್ಕ ಹಿಡಿದದ್ದಕ್ಕೂ ಇರುವ ವ್ಯತ್ಯಾಸವನ್ನು ಉಳಿದ ವರ್ಷಗಳಿಗೆ ಹಂಚಿ ವಸೂಲಿ ಮಾಡುತ್ತಾರೆ. ಸೂಟರ್ ಒಂದು ವರ್ಷ ಬಾಕಿ ಇರುವಾಗ ನಿಲ್ಲಿಸಿದ್ದರೆ ಆತ ಪಡೆದದ್ದು 97, ಕ್ಯಾಪಿಗೆ ಬಿದ್ದದ್ದು 90.46, ಉಳಿದ 6.54 ಆ ಒಂದೇ ವರ್ಷಕ್ಕೆ. ಯಾವ ಬೇಸಿಗೆಯಲ್ಲಿ ಇವರು ಸ್ಕೇಟ್ ಕಳಚುತ್ತಾರೋ ತಂಡಕ್ಕೆ ಗೊತ್ತಿಲ್ಲ. ಬೈಔಟ್ ಮಾಡಿದರೆ ಆ ಕತ್ತಿ ಇಳಿಯುತ್ತದೆ, ದಿನಾಂಕ ಗೊತ್ತಿರುವ ನೋವು ಮಾತ್ರ ಉಳಿಯುತ್ತದೆ. ಜೊತೆಗೆ, ಬೈಔಟ್‌ಗೆ ಆಟಗಾರನ ಒಪ್ಪಿಗೆ ಬೇಡ, ನೋ-ಮೂವ್ ಕ್ಲಾಜ್ (ಅವನು ಒಪ್ಪದೆ ಬೇರೆ ತಂಡಕ್ಕಾಗಲಿ ಮೈನರ್ ಲೀಗ್‌ಗಾಗಲಿ ಕಳಿಸುವಂತಿಲ್ಲ ಎಂಬ ಷರತ್ತು) ಇದ್ದರೂ ಬೇಡ.

ರೀಕ್ಯಾಪ್ಚರ್ ತಿಂದವರೂ ಇದ್ದಾರೆ. ರೊಬರ್ಟೊ ಲುವಾಂಗೊ ಅವರ 12 ವರ್ಷ 64ರ ಒಪ್ಪಂದ ವ್ಯಾಂಕೂವರ್ ಬರೆದದ್ದು. 2014ರಲ್ಲಿ ಫ್ಲಾರಿಡಾಗೆ ಕೊಟ್ಟರು, 2019ರಲ್ಲಿ ಅವರು ನಿವೃತ್ತರಾದರು. ಆಡದ ಗೋಲಿಗಾಗಿ (ಗೋಲ್‌ಕೀಪರ್‌ಗಾಗಿ) ವ್ಯಾಂಕೂವರ್ ಮೂರು ಸೀಸನ್ ವರ್ಷಕ್ಕೆ ಸುಮಾರು 3.03 ತೆತ್ತಿತು.

ಬಲಬದಿ_ಡಿಫೆನ್ಸ್

ಹೊಸಬರಿಗಾಗಿ ಹಿನ್ನೆಲೆ. ಈ ಬಾಲದ ಆಟಕ್ಕೆ ತಡೆ ಶುರುವಾದದ್ದು ರಷ್ಯಾದ ಆಟಗಾರ ಕೊವಾಲ್ಚುಕ್‌ನಿಂದ. 2010ರಲ್ಲಿ ನ್ಯೂಜೆರ್ಸಿ ಅವನಿಗೆ 17 ವರ್ಷಕ್ಕೆ 102 ಬರೆಯಿತು, ಕೊನೆಯ ಐದು ವರ್ಷ ತಲಾ ಐದೂವರೆ ಲಕ್ಷ ಡಾಲರ್. ಮುಗಿಯುವಾಗ ಅವನಿಗೆ 44. ಲೀಗ್ ಒಪ್ಪಲಿಲ್ಲ, ಮಧ್ಯಸ್ಥಗಾರರೂ ಲೀಗ್ ಪರ ನಿಂತರು. ಆಮೇಲೆ 15 ವರ್ಷಕ್ಕೆ 100 ಎಂದು ತಿದ್ದಿದರು. 2013ರಲ್ಲಿ ಅವನು ನಿವೃತ್ತಿ ಘೋಷಿಸಿ ರಷ್ಯಾಕ್ಕೆ ಹೋದ. ಅದೇ ವರ್ಷದ ಹೊಸ ನಿಯಮದಲ್ಲಿ ಗರಿಷ್ಠ ಅವಧಿ ತನ್ನ ಆಟಗಾರನಿಗೆ 8, ಹೊರಗಿನವನಿಗೆ 7 ವರ್ಷ ಎಂದಾಯಿತು. ಅತಿ ಕಡಿಮೆ ಸಂಬಳದ ವರ್ಷ, ಅತಿ ಹೆಚ್ಚಿನ ವರ್ಷದ ಅರ್ಧಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂದೂ ಆಗ ಆಯಿತು. 2026ರ ಸೆಪ್ಟೆಂಬರಿನಿಂದ ಜಾರಿಯಾಗುವ ಲೀಗ್-ಆಟಗಾರರ ಸಂಘದ ಒಪ್ಪಂದದಲ್ಲಿ ಗರಿಷ್ಠ ಅವಧಿ 7 ಮತ್ತು 6.

ಆದ್ದರಿಂದ ಪರೀಸೆ, ಸೂಟರ್ ಹೆಸರು ಹಿಡಿದು ಇವತ್ತಿನ ಒಪ್ಪಂದವನ್ನು ಬೈಯುವಾಗ ಹುಷಾರು. ಆ ಆಕಾರದ ಕಾಗದವನ್ನು ಇವತ್ತು ಬರೆಯಲು ಬಿಡುವುದಿಲ್ಲ. ಇವತ್ತಿನ ವಿಷ ಬೇರೆ, ಅದು ಸೈನಿಂಗ್ ಬೋನಸ್, ಅಂದರೆ ಮೂಲ ಸಂಬಳದಿಂದ ಬೇರೆಯಾಗಿ ಕೊಡುತ್ತೇವೆಂದು ಒಪ್ಪಂದದಲ್ಲೇ ಬರೆದ ದುಡ್ಡು.

ಚಳಿಗಾಲ_ಟೊರಾಂಟೊ

ಬೋನಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಸರ್. ಟೊರಾಂಟೊದಲ್ಲಿ ಎಲ್ಲರ ಒಪ್ಪಂದದಲ್ಲೂ ಅದೇ ಕಾಣುತ್ತದೆ.

ಬಲಬದಿ_ಡಿಫೆನ್ಸ್

ಬೈಔಟ್ ಸೂತ್ರ ಮೂಲ ಸಂಬಳಕ್ಕೆ ಮಾತ್ರ ಅನ್ವಯ, ಬೋನಸ್‌ಗೆ ಅಲ್ಲ. ಒಂದು ಕಲ್ಪಿತ ಲೆಕ್ಕ ಹಾಕೋಣ. ಇಬ್ಬರು ಆಟಗಾರರು, ಇಬ್ಬರಿಗೂ ಎರಡು ವರ್ಷ ಬಾಕಿ, ಹಿಟ್ 6.

ಮೊದಲನೆಯವನಿಗೆ ಪೂರ್ತಿ 6 ಸಂಬಳ. ಬಾಕಿ 12ರ ಮೂರರಲ್ಲಿ ಎರಡು ಪಾಲು 8, ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2. ಎರಡು ವರ್ಷ ತಲಾ 4 ಉಳಿತಾಯ, ಆಮೇಲಿನ ಎರಡು ವರ್ಷ ತಲಾ 2 ಭಾರ. ಬೈಔಟ್ ಕೆಲಸ ಮಾಡುತ್ತದೆ.

ಎರಡನೆಯವನಿಗೆ ಸಂಬಳ 1, ಬೋನಸ್ 5. ಬೈಔಟ್ ಆಗುವುದು ಬಾಕಿ 2ಕ್ಕೆ ಮಾತ್ರ, 1.333ನ್ನು ನಾಲ್ಕು ವರ್ಷಕ್ಕೆ ಹಂಚಿದರೆ 0.333. ವರ್ಷಕ್ಕೆ ಉಳಿಯುವುದು 0.667, ಹಿಟ್ 5.333 ಹಾಗೇ ಕೂರುತ್ತದೆ, ಬೋನಸ್ ದುಡ್ಡೂ ಪೂರ್ತಿ ಕೊಡಬೇಕು. ಈ ಬಾಗಿಲಿಗೆ ಗೋಡೆ ಕಟ್ಟಿದಂತೆ.

ಲೂಚಿಚ್ ಒಪ್ಪಂದ ಬೋನಸ್‌ನಿಂದ ತುಂಬಿತ್ತು. ಅದಕ್ಕೇ ಎಡ್ಮಂಟನ್‌ಗೆ ಬೈಔಟ್ ಮಾಡಲಾಗದೆ, 2019ರಲ್ಲಿ ಕ್ಯಾಲ್ಗರಿಯ ಜೇಮ್ಸ್ ನೀಲ್ ಎಂಬ ಇನ್ನೊಂದು ಕೆಟ್ಟ ಒಪ್ಪಂದಕ್ಕೆ ಅದಲುಬದಲು ಮಾಡಿಕೊಳ್ಳಬೇಕಾಯಿತು, ಸಂಬಳದ ಎಂಟನೇ ಒಂದು ಪಾಲನ್ನು ತಾನೇ ಹೊತ್ತು.

ಮೈನರ್ ಲೀಗ್‌ಗೆ ಕಳಿಸಿ ಹಿಟ್ ಇಳಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಇಳಿಯುವುದು ಕನಿಷ್ಠ ವೇತನ ಮತ್ತು 0.375ರಷ್ಟು ಮಾತ್ರ, 2025-26ರಲ್ಲಿ 1.15. ನೋ-ಮೂವ್ ಕ್ಲಾಜ್ ಇದ್ದರೆ ಅದೂ ಇಲ್ಲ.

ಮಲ್ಲೇಶ್ವರ_ಮಂಜು

ನಾನು ಈ ಆಟವನ್ನು ಹೊರಗಿನಿಂದ ನೋಡುವವ, ಕ್ರಿಕೆಟ್ ಕಣ್ಣಲ್ಲಿ ಕೇಳುತ್ತೇನೆ. 2025ರ ಐಪಿಎಲ್‌ಗೆ ಆರ್‌ಸಿಬಿ ಕೊಹ್ಲಿಯನ್ನು 21 ಕೋಟಿಗೆ ಉಳಿಸಿಕೊಂಡಿತು, ಒಟ್ಟು ಚೀಲ 120 ಕೋಟಿ. 36ಕ್ಕೆ ಕಾಲಿಡುತ್ತಿದ್ದ ಆಟಗಾರನಿಗೆ ಶೇ 17.5. ಆ ವರ್ಷ ಕಪ್ಪೂ ಬಂತು. ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು?

ಲೆಕ್ಕದಪುಸ್ತಕ

@ಮಲ್ಲೇಶ್ವರ_ಮಂಜು ಮಂಜು ಅವರೇ, ಐಪಿಎಲ್‌ನಲ್ಲಿ ತಂಡ ಪ್ರತಿ ಸೀಸನ್ ಮುಗಿದ ಮೇಲೆ ಆಟಗಾರನನ್ನು ಬಿಡುಗಡೆ ಮಾಡಬಹುದು. ಬಿಟ್ಟರೆ ದುಡ್ಡು ಚೀಲಕ್ಕೆ ವಾಪಸ್. ಮೆಗಾ ಹರಾಜು ಬಂದರೆ ಸ್ಲೇಟು ಒರೆಸಿದಂತೆ. ಎನ್‌ಎಚ್‌ಎಲ್‌ನಲ್ಲಿ ಸಹಿ ಬಿದ್ದ ಮೇಲೆ ಆಟ ಕುಸಿದರೂ ದುಡ್ಡು ಖಾತರಿ. ಒಂದು ವರ್ಷಕ್ಕೆ ಶೇ 17 ಕೊಡುವ ಧೈರ್ಯ ಬೇರೆ, ಆರು ವರ್ಷಕ್ಕೆ ಶೇ 5 ಕಟ್ಟಿಹಾಕುವ ಧೈರ್ಯ ಬೇರೆ.

ಗೋಲಿಯ_ಕೈಗವಸು

ಎಲ್ಲರೂ ಕಾಗದವನ್ನೇ ಓದುತ್ತಿದ್ದೀರಿ. ಆಟವನ್ನೂ ಸ್ವಲ್ಪ ನೋಡಿ. ವಯಸ್ಸು ಎಲ್ಲರಿಂದ ಒಂದೇ ವಸ್ತುವನ್ನು ಕಸಿಯುವುದಿಲ್ಲ.

ಮೊದಲು ಹೋಗುವುದು ನಿಂತಲ್ಲಿಂದ ಚಿಮ್ಮುವ ಮೊದಲ ಮೂರು ಹೆಜ್ಜೆ. ಅದನ್ನೇ ನಂಬಿದವನು, ಇಲ್ಲವೇ ಎದುರಾಳಿಯನ್ನು ಅಂಚಿನ ಬೋರ್ಡಿಗೆ ಗುದ್ದಿ ಗುದ್ದಿ ಪಕ್ (ಚೆಂಡಿನ ಬದಲಿನ ಬಿಲ್ಲೆ) ಕಸಿಯುವವನು ಮೂವತ್ತರ ಆಚೆ ಬೇಗ ಇಳಿಯುತ್ತಾನೆ. ಲೂಚಿಚ್, ಬ್ಯಾಕಸ್, ಲ್ಯಾಡ್ ಮೂವರೂ ಆ ಜಾತಿಯ ಆಟಗಾರರು. ಕಣ್ಣು-ಕೈ ಹೊಂದಾಣಿಕೆ, ಜಾಗ ಹಿಡಿಯುವ ಬುದ್ಧಿ, ಶಾಟ್ ಇವು ಹೆಚ್ಚು ಕಾಲ ನಿಲ್ಲುತ್ತವೆ.

ಜೋ ಪವೆಲ್ಸ್ಕಿಯನ್ನು ನೋಡಿ. ಯಾವತ್ತೂ ವೇಗದವನಲ್ಲ. ಗೋಲಿನ ಮುಂದೆ ನಿಂತು ಬರುವ ಶಾಟ್‌ಗೆ ಸ್ಟಿಕ್ ತಾಗಿಸಿ ದಿಕ್ಕು ತಿರುಗಿಸುವುದೇ ಅವನ ಕಸುಬು. 2019ರಲ್ಲಿ ಸ್ಯಾನ್ ಹೋಸೆ ಎರಿಕ್ ಕಾರ್ಲ್‌ಸನ್‌ಗೆ 8 ವರ್ಷ 92 ಕೊಟ್ಟು ಪವೆಲ್ಸ್ಕಿಯನ್ನು ಬಿಟ್ಟಿತು. ಡಲ್ಲಾಸ್ 3 ವರ್ಷ 21ಕ್ಕೆ ಎತ್ತಿಕೊಂಡಿತು. 2021-22ರಲ್ಲಿ, 37ರಲ್ಲಿ, 81 ಅಂಕ (ಗೋಲು ಮತ್ತು ಗೋಲಿಗೆ ನೆರವಾದ ಪಾಸ್ ಸೇರಿ) ಗಳಿಸಿದ.

ಒವೆಚ್ಕಿನ್ ಇನ್ನೊಬ್ಬ. 2021ರಲ್ಲಿ 5 ವರ್ಷಕ್ಕೆ 47.5, ಆಗ 35 ತುಂಬಿತ್ತು. ಮೊದಲ ನಾಲ್ಕು ಸೀಸನ್‌ನಲ್ಲಿ 50, 42, 31, 44 ಗೋಲು. 2025ರ ಏಪ್ರಿಲ್ 6ರಂದು 895ನೇ ಗೋಲು ಹೊಡೆದು ಗ್ರೆಟ್ಸ್ಕಿ ದಾಖಲೆ ಮುರಿದ. ಪವರ್‌ಪ್ಲೇಯಲ್ಲಿ (ಎದುರಾಳಿಗೆ ದಂಡ ಬಿದ್ದು ಆಟಗಾರ ಕಡಿಮೆ ಇರುವಾಗ) ಎಡ ಫೇಸ್‌ಆಫ್ ವೃತ್ತದಲ್ಲಿ ನಿಂತು ಒಂದೇ ಏಟಿಗೆ ಹೊಡೆಯುತ್ತಾನೆ; ಅದಕ್ಕೆ ಓಡುವ ಅಗತ್ಯವೇ ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಗೋಲುಗಳನ್ನು ಬಿಡಿಸಿ ನೋಡಬೇಕು: ಎಷ್ಟು ಪವರ್‌ಪ್ಲೇಯಲ್ಲಿ, ಎಷ್ಟು ಐದಕ್ಕೈದರಲ್ಲಿ (ಎರಡೂ ಕಡೆ ಐವರಿದ್ದಾಗ), ಎಷ್ಟು ಓಡಿಹೋಗಿ ಹೊಡೆದದ್ದು. ಓಡಿ ಹೊಡೆದವೇ ಹೆಚ್ಚಾದರೆ ವರ್ಷ ಕಡಿಮೆ ಕೊಡಿ.

ನೀಲಿಗೆರೆ

ಒವೆಚ್ಕಿನ್ ಒಬ್ಬನೇ. ಒಂದು ಒವೆಚ್ಕಿನ್‌ಗೆ ಹತ್ತು ಎರಿಕ್ಸನ್ ಸಿಗುತ್ತಾರೆ. ಸ್ಟಾಮ್‌ಕೋಸ್‌ನದೂ ಅದೇ ವೃತ್ತ, ಅದೇ ಶಾಟ್ ಅಲ್ಲವೇ? 2024ರಲ್ಲಿ ಟ್ಯಾಂಪಾ ಬಿಟ್ಟಿತು, ನ್ಯಾಶ್‌ವಿಲ್ 4 ವರ್ಷಕ್ಕೆ 32 ಕೊಟ್ಟಿತು. 81 ಅಂಕದಿಂದ ಮೊದಲ ವರ್ಷವೇ 53ಕ್ಕೆ ಇಳಿದ. ಟ್ಯಾಂಪಾ ಅದೇ ಬೇಸಿಗೆಯಲ್ಲಿ 29ರ ಜೇಕ್ ಗೆಂಟ್ಸೆಲ್‌ಗೆ ವರ್ಷಕ್ಕೆ 9ರಂತೆ 7 ವರ್ಷ ಕೊಟ್ಟು 41 ಗೋಲು ಪಡೆಯಿತು. ಬಿಡುವುದನ್ನು ಕಲಿತ ತಂಡ ಗೆಲ್ಲುತ್ತದೆ.

ಗೋಲಿಯ_ಕೈಗವಸು

@ನೀಲಿಗೆರೆ ಸ್ಟಾಮ್‌ಕೋಸ್ ಬಗ್ಗೆ ನಿಮ್ಮ ಮಾತಿಗೆ ತೂಕವಿದೆ. ಆ ಶಾಟ್‌ಗೆ ಪಾಸ್ ಕೊಡುತ್ತಿದ್ದವನು ಟ್ಯಾಂಪಾದ ಕುಚೆರೊವ್. ನ್ಯಾಶ್‌ವಿಲ್‌ನಲ್ಲಿ ಆ ಪಾಸ್ ಬರಲಿಲ್ಲ. ಒಂದು ತಂಡದ ಪವರ್‌ಪ್ಲೇಯಲ್ಲಿ ಮಾಗಿದ ಕೌಶಲವನ್ನು ಬೇರು ಸಮೇತ ಕಿತ್ತು ನೆಟ್ಟರೆ ಎಲ್ಲ ಕಡೆ ಚಿಗುರುವುದಿಲ್ಲ. ಒವೆಚ್ಕಿನ್ ತನ್ನ ತಂಡದಲ್ಲೇ ಉಳಿದ. ಮಾರ್ಶಾಂಡ್ ಕೂಡ ಫ್ಲಾರಿಡಾದ ಆಟಕ್ಕೆ ಹೊಂದಿಕೊಂಡು ಕಪ್ ಗೆದ್ದ ಮೇಲೆ ಸಹಿ ಹಾಕಿದ್ದು. ಜುಲೈ 1ರ ಸಂತೆಯಲ್ಲಿ ಕೊಂಡದ್ದಕ್ಕೂ ಮನೆಯಲ್ಲೇ ನೋಡಿ ಉಳಿಸಿಕೊಂಡದ್ದಕ್ಕೂ ಈ ವ್ಯತ್ಯಾಸವಿದೆ.

ಆದರೆ ಗೆಂಟ್ಸೆಲ್ ಉದಾಹರಣೆ ಎರಡೂ ಕಡೆ ಕೊಯ್ಯುತ್ತದೆ. ಆ ಒಪ್ಪಂದ ಮುಗಿಯುವಾಗ ಅವನಿಗೂ 36.

ಗೋಲಿಗಳ ಲೆಕ್ಕ ಪೂರ್ತಿ ಬೇರೆ, ಅದನ್ನೂ ಸೇರಿಸುತ್ತೇನೆ. ಬಾಬ್ರೊವ್‌ಸ್ಕಿಗೆ 2019ರಲ್ಲಿ, 30ರಲ್ಲಿ, ಇದೇ ಫ್ಲಾರಿಡಾ 7 ವರ್ಷಕ್ಕೆ 70 ಕೊಟ್ಟಿತು. ಎರಡನೇ ವರ್ಷದ ಪ್ಲೇಆಫ್‌ನಲ್ಲಿ ಹೊಸ ಹುಡುಗ ಸ್ಪೆನ್ಸರ್ ನೈಟ್‌ಗೆ ಜಾಗ ಬಿಟ್ಟುಕೊಟ್ಟು ಬೆಂಚಿನಲ್ಲಿ ಕೂತಿದ್ದ. ಆಗ ಎಲ್ಲರೂ ಅದನ್ನು ಲೀಗಿನ ಅತಿ ಕೆಟ್ಟ ಒಪ್ಪಂದ ಅಂದರು. 2023ರಲ್ಲಿ ಫೈನಲ್, 2024 ಮತ್ತು 2025ರಲ್ಲಿ ಕಪ್. ಇನ್ನೊಂದು ತುದಿಯಲ್ಲಿ ಕೇರಿ ಪ್ರೈಸ್: 8 ವರ್ಷಕ್ಕೆ 84. 2021ರ ಫೈನಲ್ ತನಕ ಮಾಂಟ್ರಿಯಲ್ ಅನ್ನು ಹೊತ್ತು ತಂದ, ಆಮೇಲೆ ಮಂಡಿ ಕೈಕೊಟ್ಟಿತು, ಐದೇ ಪಂದ್ಯ. ಗೋಲಿಯಲ್ಲಿ ನಿಧಾನದ ಇಳಿಜಾರು ಕಾಣುವುದಿಲ್ಲ. ಸೊಂಟ, ಮಂಡಿ ಉಳಿದರೆ 36ರಲ್ಲೂ ಕಪ್, ಹೋದರೆ 34ಕ್ಕೇ ಮುಗಿಯಿತು.

ಚಳಿಗಾಲ_ಟೊರಾಂಟೊ

ಗಾಯವಾದರೆ ಎಲ್‌ಟಿಐಆರ್ (ದೀರ್ಘ ಗಾಯದ ಪಟ್ಟಿ) ಇದೆಯಲ್ಲ, ತಂಡಕ್ಕೆ ಅದೇ ಒಳ್ಳೆಯದು ಎಂದು ಇಲ್ಲಿ ಎಲ್ಲರೂ ಅನ್ನುತ್ತಾರೆ.

ಬಲಬದಿ_ಡಿಫೆನ್ಸ್

ಅರ್ಧ ಸತ್ಯ. ದೀರ್ಘ ಗಾಯದ ಪಟ್ಟಿಗೆ ಸೇರಿಸಿದರೆ ಕ್ಯಾಪ್ ಮೀರಿ ಖರ್ಚು ಮಾಡಲು ಅವಕಾಶ ಸಿಗುತ್ತದೆ, ಆದರೆ ನಗದು ಸಂಬಳ ಕೊಡಲೇಬೇಕು. ಆ ನಗದಿನ ಬಹುಪಾಲು ವಿಮೆಯಿಂದ ಬರಬೇಕು. ವಿಮೆ ಇಲ್ಲದಿದ್ದರೆ? ಕೊಲಂಬಸ್ 2013ರಲ್ಲಿ ನೇಥನ್ ಹಾರ್ಟನ್‌ಗೆ 7 ವರ್ಷ 37.1 ಬರೆಯಿತು. ಬೆನ್ನುಮೂಳೆ ಸವೆದು ಆಟ ನಿಂತಿತು, ಒಪ್ಪಂದಕ್ಕೆ ವಿಮೆ ಇರಲಿಲ್ಲ. ಆಡದವನಿಗೆ ನಗದು ಸುರಿಯುವುದಕ್ಕಿಂತ ಆಡುವ ಕೆಟ್ಟ ಒಪ್ಪಂದವೇ ಮೇಲು ಎಂದು 2015ರಲ್ಲಿ ಟೊರಾಂಟೊದ ಡೇವಿಡ್ ಕ್ಲಾರ್ಕ್‌ಸನ್‌ಗೆ ಬದಲಾಯಿಸಿಕೊಂಡಿತು. ಜಿಎಂ (ತಂಡದ ಜನರಲ್ ಮ್ಯಾನೇಜರ್) ಸಹಿ ಹಾಕುವ ಮೊದಲು ವೈದ್ಯರ ಜೊತೆಗೆ ವಿಮೆಯವರನ್ನೂ ಕೇಳಬೇಕು: ಹಳೆಯ ಗಾಯ ಯಾವುದನ್ನು ಹೊರಗಿಡುತ್ತೀರಿ ಎಂದು.

2025-26ರಿಂದ ಪ್ಲೇಆಫ್‌ನಲ್ಲೂ ಕ್ಯಾಪ್ ಲೆಕ್ಕ ಬಂದಿದೆ. ಹಾಗಾಗಿ ಏಪ್ರಿಲ್‌ವರೆಗೆ ಗಾಯದ ಪಟ್ಟಿಯಲ್ಲಿಟ್ಟು ಪ್ಲೇಆಫ್‌ಗೆ ಇಳಿಸುವ ದಾರಿ ಮೊದಲಿನಷ್ಟು ಅಗಲವಿಲ್ಲ.

ನೀಲಿಗೆರೆ

ಸರಿ, ಕೊನೆಯ ಪ್ರಶ್ನೆ. ಮಾರ್ಶಾಂಡ್ 40ಕ್ಕೆ ಸಾಕು ಅಂದರೆ ಫ್ಲಾರಿಡಾ ಗತಿ? 35 ತುಂಬಿದವರ ಒಪ್ಪಂದಕ್ಕಿರುವ 35+ ನಿಯಮದಲ್ಲಿ ನಿವೃತ್ತನಾದರೂ ಹಿಟ್ ಉಳಿಯುತ್ತದಲ್ಲ?

ಬಲಬದಿ_ಡಿಫೆನ್ಸ್

ಎಲ್ಲ 35+ ಒಪ್ಪಂದಕ್ಕೂ ಉಳಿಯುವುದಿಲ್ಲ, ಮೊದಲು ಉಳಿಯುತ್ತಿತ್ತು. ಹಳೆಯ ನಿಯಮದ ಏಟು ತಿಂದವರು ಫಿಲಡೆಲ್ಫಿಯಾ. ಕ್ರಿಸ್ ಪ್ರಾಂಗರ್ 2009ರಲ್ಲಿ ಸಹಿ ಹಾಕಿದಾಗ 34, ಆದರೆ ಒಪ್ಪಂದ ಶುರುವಾಗುವ ಹೊತ್ತಿಗೆ 35 ದಾಟಿದ್ದ. ಎಣಿಸುವುದು ಶುರುವಾಗುವ ಸೀಸನ್‌ಗೆ ಹಿಂದಿನ ಜೂನ್ 30ರ ವಯಸ್ಸನ್ನು. 2011ರ ನವೆಂಬರ್ ನಂತರ ಅವನು ಆಡಲೇ ಇಲ್ಲ. ಲೀಗ್ ಕಚೇರಿಯಲ್ಲೇ ಕೆಲಸಕ್ಕೆ ಸೇರಿದ, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ, ಆಗಲೂ ಒಪ್ಪಂದ ಜೀವಂತವಾಗಿತ್ತು. ಡೆಟ್ರಾಯಿಟ್ ಕೂಡ ರಷ್ಯಾಕ್ಕೆ ಹೊರಟ ಡಟ್ಸ್ಯುಕ್‌ನ 7.5 ಹಿಟ್ಟನ್ನು ಅರಿಜೋನಾದ ತಲೆಗೆ ದಾಟಿಸಲು 2016ರ ಡ್ರಾಫ್ಟ್‌ನಲ್ಲಿ 16ನೇ ಸ್ಥಾನದಿಂದ 20ಕ್ಕೆ ಇಳಿಯಿತು. ಆ 16ರಲ್ಲಿ ಅರಿಜೋನಾ ಆರಿಸಿಕೊಂಡದ್ದು ಜೇಕಬ್ ಚಿಕ್ರನ್‌ನನ್ನು.

2020ರ ತಿದ್ದುಪಡಿಯ ನಂತರ ಎರಡನ್ನು ನೋಡಬೇಕು. ಮೊದಲ ವರ್ಷಕ್ಕಿಂತ ಮುಂದಿನ ವರ್ಷಗಳ ಸಂಬಳ ಕಡಿಮೆಯಾಗಿದೆಯೇ? ಮೊದಲ ವರ್ಷದ ನಂತರ ಸೈನಿಂಗ್ ಬೋನಸ್ ಇದೆಯೇ? ಯಾವುದಾದರೂ ಒಂದಕ್ಕೆ ಹೌದು ಎಂದಾದರೆ ಹಳೆಯ ದಂಡ ಅಂಟಿಕೊಳ್ಳುತ್ತದೆ, ಬೈಔಟ್ ಮಾಡಿದರೂ ಕ್ಯಾಪ್ ಬಿಡುಗಡೆ ಸಿಗುವುದಿಲ್ಲ. ಎರಡಕ್ಕೂ ಇಲ್ಲ ಎಂದಾದರೆ ನಿವೃತ್ತಿಯ ದಿನ ಹಿಟ್ ಅಳಿಯುತ್ತದೆ. ಅದಕ್ಕೇ ಇಂಥ ಒಪ್ಪಂದದ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಒಟ್ಟು ಮೊತ್ತವನ್ನಲ್ಲ, ವರ್ಷವಾರು ಪಟ್ಟಿಯನ್ನು.

ನೀಲಿಗೆರೆ

ಹಾಗಾದರೆ ನನ್ನ ತಕರಾರನ್ನು ತಿದ್ದಿಕೊಳ್ಳುತ್ತೇನೆ. ಮನೆಯ ಆಟಗಾರ, ಕ್ಯಾಪಿನ ಶೇ 6ರ ಒಳಗೆ, ಸಮನಾದ ಸಂಬಳ, ಎರಡನೇ ವರ್ಷದಿಂದ ಬೋನಸ್ ಇಲ್ಲ ಎಂದಾದರೆ ಆರು ವರ್ಷವನ್ನೂ ಸಹಿಸುತ್ತೇನೆ. ಆದರೆ ಹೊರಗಿನಿಂದ ತಂದ 34ರವನಿಗೆ ಶೇ 9 ಕೊಟ್ಟು ಪೂರ್ತಿ ನೋ-ಮೂವ್ ಬರೆಯುವುದನ್ನು ಈಗಲೂ ಒಪ್ಪುವುದಿಲ್ಲ. ನೋ-ಮೂವ್ ಕೊಡಲೇಬೇಕಾದರೆ ಕೊನೆಯ ಎರಡು ವರ್ಷವಾದರೂ ಹತ್ತು ತಂಡಗಳ ಪಟ್ಟಿಗೆ ಇಳಿಯಬೇಕು.

ಗೋಲಿಯ_ಕೈಗವಸು

ಆ ಪಟ್ಟಿ ಇದ್ದರೆ ಸಾಲದು, ಕೊಳ್ಳುವವರೂ ಬೇಕು. ಬ್ರೆಂಟ್ ಬರ್ನ್ಸ್‌ನ 8 ವರ್ಷ 64ರಲ್ಲಿ ಮೂರು ವರ್ಷ ಬಾಕಿ ಇದ್ದಾಗ, 2022ರಲ್ಲಿ, ಸ್ಯಾನ್ ಹೋಸೆ ಸಂಬಳದ ಶೇ 34 ತಾನೇ ಹೊತ್ತು ಕ್ಯಾರೊಲೈನಾಗೆ ಕೊಟ್ಟಿತು. ಮೂರು ಸೀಸನ್ನೂ 82ಕ್ಕೆ 82 ಪಂದ್ಯ ಆಡಿದ. ಹೀಗೆ ಸಂಬಳದ ಪಾಲು ಹೊರಲು ಗರಿಷ್ಠ ಶೇ 50, ಒಂದು ತಂಡಕ್ಕೆ ಏಕಕಾಲಕ್ಕೆ ಮೂರೇ ಒಪ್ಪಂದ. ವಯಸ್ಸಾದವನಿಗೆ ಉದ್ದ ಕಾಗದ ಬರೆಯುವ ತಂಡ ಆ ಮೂರರಲ್ಲಿ ಒಂದನ್ನು ಮುಂದಿನ ನಾಲ್ಕನೇ ವರ್ಷಕ್ಕೆಂದು ಇವತ್ತೇ ಖಾಲಿ ಇಟ್ಟುಕೊಳ್ಳಬೇಕು.